ಅಪ್‌ಡೇಟ್ ಆಗ್ಯದ, ಮಷಿನ್ ಜಗ್ಗವಲ್ದು

2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ಉಕ್ಕಿ ಬಂದು ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಹೊಲಗಳು ನೀರೊಳಗೆ ನಿಂತವು. ಆಳಂದದ ಕಡೆಯೂ ಮಳೆ ಬೆಳೆಯನ್ನು ಸುಮ್ಮನೆ ಬಿಡಲಿಲ್ಲ. ಇಂಥ ವರ್ಷಗಳಲ್ಲಿ ಆಧಾರ್, ಪಹಣಿ, ಪಾಸ್‌ಬುಕ್ಕಿನ ಝೆರಾಕ್ಸ್ ಹಿಡಿದ ರೈತರು ಎಲ್ಲೆಲ್ಲಿ ನಿಲ್ಲುತ್ತಾರೆಂದು ಈ ಭಾಗದವರಿಗೆ ಹೇಳಬೇಕಿಲ್ಲ: ನಾಡಕಚೇರಿ, ಗ್ರಾಮ ಒನ್, ಇಲ್ಲವೇ ಪೇಟೆಯ ಆನ್‌ಲೈನ್ ಅಂಗಡಿ. ಅದೇ ಹೊತ್ತಿಗೆ ಇನ್ನೊಂದು ದಿನಾಂಕವೂ ಬಂದಿತ್ತು. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯಿತು. 2015ರ ಜುಲೈಯಿಂದ ಹತ್ತು ವರ್ಷ ನಡೆದ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಮಾಮೂಲಿ ಭದ್ರತಾ ಅಪ್‌ಡೇಟ್ ನಿಲ್ಲಿಸಿತು. 'ವಿಂಡೋಸ್ 11 ಹಾಕಿಕೊಳ್ಳಿ' ಎಂದು ಪರದೆಯ ಮೇಲೆ ತಿಂಗಳುಗಟ್ಟಲೆ ಬರುತ್ತಿದ್ದ ಸೂಚನೆಯನ್ನು ಅಲ್ಲಿಯವರೆಗೆ ಮುಚ್ಚಿ ಮುಚ್ಚಿ ಇಟ್ಟವರೂ ಒಂದು ದಿನ ಒತ್ತಿಬಿಟ್ಟರು.

ಒತ್ತಿದ ಮರುದಿನದ ಮಾತು ಆಳಂದದಲ್ಲಾಗಲಿ ಜೇವರ್ಗಿಯಲ್ಲಾಗಲಿ ಒಂದೇ. "ಅಪ್‌ಡೇಟ್ ಆದ ಮ್ಯಾಲ ಮಷಿನ್ ಜಗ್ಗವಲ್ದರೀ. ಒಂದು ಪಿಡಿಎಫ್ ತೆಗೀಲಿಕ್ಕ ಚಾ ಕುಡದು ಬರೋವಷ್ಟು ಹೊತ್ತು ಹಿಡೀತದ."

ಇದಕ್ಕೆ ಪೇಟೆಯಲ್ಲಿ ಸಿಗುವ ಸಲಹೆಗಳೂ ಗೊತ್ತಿರುವವೇ. ಒಬ್ಬರು ಫಾರ್ಮ್ಯಾಟ್ ಹೊಡಿ ಅನ್ನುತ್ತಾರೆ. ಇನ್ನೊಬ್ಬರು ಯೂಟ್ಯೂಬ್ ನೋಡಿ ಹತ್ತಾರು ಸರ್ವಿಸ್ ಬಂದ್ ಮಾಡಿಸುತ್ತಾರೆ. ಮೂರನೆಯವರು ಟಾಸ್ಕ್ ಮ್ಯಾನೇಜರ್ ತೆಗೆದು ಮೇಲೆ ಕಂಡದ್ದಕ್ಕೆಲ್ಲಾ 'ಎಂಡ್ ಟಾಸ್ಕ್' ಒತ್ತುತ್ತಾರೆ. ಮೂರರಲ್ಲೂ ಒಂದು ಕೊರತೆ ಇದೆ: ಒಳಗೆ ಕೆಲಸ ಮಾಡುತ್ತಿರುವುದು ಯಾರು, ಆ ಕೆಲಸ ಮುಗಿಯುವಂಥದ್ದೋ ಮುಗಿಯದ್ದೋ ಎಂದು ಯಾರೂ ನೋಡುವುದಿಲ್ಲ. ಫಾರ್ಮ್ಯಾಟ್ ಅಂತೂ ನನಗೆ ತಮಾಷೆಯಾಗಿಯೇ ಕಾಣುತ್ತದೆ. ಅಪ್‌ಗ್ರೇಡ್ ಆದ ಮೇಲೆ ಹಿನ್ನೆಲೆಯಲ್ಲಿ ನಡೆಯುವ ಕೆಲಸ ಅರ್ಧಕ್ಕೆ ಬಂದಿರುತ್ತದೆ. ಫಾರ್ಮ್ಯಾಟ್ ಹೊಡೆದರೆ ಅದೇ ಕೆಲಸ ಮತ್ತೆ ಮೊದಲಿನಿಂದ ಶುರು.

ಹಿನ್ನೆಲೆ ಪ್ರಕ್ರಿಯೆ ಅಂದರೇನು ಎಂದು ಡಿಟಿಪಿ ಮಾಡುವವರಿಗೆ ಬೇರೆ ವಿವರಿಸಬೇಕಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಕೆಳಗೆ ಗಡಿಯಾರದ ಪಕ್ಕ ಸಣ್ಣ ಗುರುತಾಗಿ ಕೂತಿರುತ್ತದೆ. ಸ್ಕ್ರೋಲ್ ಲಾಕ್ ಒತ್ತಿದ ಕೂಡಲೇ ನೀವು ಒತ್ತುವ ಪ್ರತಿ ಕೀಲಿಯನ್ನೂ ನಡುವೆ ಹಿಡಿದು ಕನ್ನಡ ಅಕ್ಷರ ಮಾಡಿ ವರ್ಡ್‌ಗೋ ಪೇಜ್‌ಮೇಕರ್‌ಗೋ ಕೊಡುತ್ತದೆ. ಅದಕ್ಕೆ ತನ್ನದೇ ಆದ ದೊಡ್ಡ ಕಿಟಕಿ ಇರುವುದಿಲ್ಲ, ಆದರೆ ದಿನವಿಡೀ ಎಚ್ಚರವಿರುತ್ತದೆ. ಒಂದು ಸಾಮಾನ್ಯ ವಿಂಡೋಸ್ ಮಷಿನ್‌ನಲ್ಲಿ ಇಂಥವು ನೂರಕ್ಕೂ ಹೆಚ್ಚು ಇರುತ್ತವೆ. ಹೆಚ್ಚಿನವು ಕರೆಯುವವರೆಗೆ ಸುಮ್ಮನಿರುತ್ತವೆ. ಅಪ್‌ಗ್ರೇಡ್ ಆದ ಮೇಲೆ ಒಂದಿಷ್ಟು ಮಾತ್ರ ಒಟ್ಟಿಗೇ ಕೆಲಸಕ್ಕೆ ಇಳಿಯುತ್ತವೆ.

ನೋಡುವ ಕಿಟಕಿ ತೆರೆಯುವುದು ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಡೇವ್ ಪ್ಲಮರ್ ಎಂಬ ಮೈಕ್ರೋಸಾಫ್ಟ್ ಎಂಜಿನಿಯರ್ ಬರೆದ ಈ ಸಾಧನ 1996ರ ವಿಂಡೋಸ್ ಎನ್‌ಟಿ 4ರಿಂದಲೂ ಇದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಂದು ನಾಲ್ಕು ಕಾಲಂ. ನಾಲ್ಕರಲ್ಲಿ ಯಾವುದು ತುಂಬಿದೆ ಎಂದು ಮೊದಲು ನೋಡಬೇಕು. ಬಹಳ ಜನ ಸಿಪಿಯು ಒಂದನ್ನೇ ನೋಡಿ "ಹತ್ತು ಪರ್ಸೆಂಟ್ ಅದ, ಏನೂ ಇಲ್ಲ" ಎಂದು ಮುಚ್ಚುತ್ತಾರೆ. ಪಕ್ಕದ ಡಿಸ್ಕ್ ಕಾಲಂ 100 ತೋರಿಸುತ್ತಿರುತ್ತದೆ. ನಮ್ಮ ಕಡೆಯ ಹಳೆಯ ಮಷಿನ್‌ಗಳಲ್ಲಿ ರೋಗ ಇರುವುದು ಅಲ್ಲೇ.

ಈ ಡಿಸ್ಕ್ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕಾದ್ದು. ಹಳೆಯ ಹಾರ್ಡ್ ಡಿಸ್ಕ್‌ನೊಳಗೆ ನಿಜವಾಗಿಯೂ ತಿರುಗುವ ತಟ್ಟೆ ಇದೆ. ಡೆಸ್ಕ್‌ಟಾಪ್‌ನಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಆ ಮುಳ್ಳು ಸರಿಯಾದ ಪಟ್ಟಿಗೆ ಸರಿಯಬೇಕು, ಅದಕ್ಕೆ ಸುಮಾರು 9 ಮಿಲಿಸೆಕೆಂಡ್. ಎರಡೂ ಕೂಡಿ 13 ಎಂದಿಟ್ಟುಕೊಳ್ಳಿ. ಅಲ್ಲೊಂದು ಇಲ್ಲೊಂದು ಚದುರಿದ ಸಣ್ಣ ಫೈಲ್‌ಗಳನ್ನು ಓದಬೇಕಾದರೆ ಸೆಕೆಂಡಿಗೆ ಎಪ್ಪತ್ತೈದರ ಆಸುಪಾಸು ಓದಬಹುದು, ಅಷ್ಟೇ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ತಟ್ಟೆ 5400 ಸುತ್ತಿನದು, ಅಲ್ಲಿ ಇನ್ನೂ ಕಡಿಮೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ.

ತಹಸೀಲ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಒಬ್ಬನೇ ಸಿಬ್ಬಂದಿ ಇದ್ದು, ಆರು ಮಂದಿ ಆರು ಬೇರೆ ಬೇರೆ ವರ್ಷದ ಕಡತ ಕೇಳಿದರೆ ಹೇಗೋ ಹಾಗೆ. ಆತ ಸೋಮಾರಿಯಲ್ಲ, ಓಡಾಡುತ್ತಲೇ ಇದ್ದಾನೆ, ಆದರೆ ಆತನ ಸಮಯವೆಲ್ಲಾ ನಡೆದಾಡುವುದರಲ್ಲೇ ಹೋಗುತ್ತದೆ. ಡಿಸ್ಕ್ 100 ಎಂದು ತೋರಿಸುವಾಗಲೂ ವೇಗ ಸೆಕೆಂಡಿಗೆ ಒಂದೋ ಎರಡೋ ಎಂಬಿ ಎಂದು ಕಾಣುವುದು ಇದಕ್ಕೇ. ನೂರು ಅಂದರೆ ಬಹಳ ಮಾಹಿತಿ ಹರಿಯುತ್ತಿದೆ ಎಂದಲ್ಲ, ಕೆಲಸಗಾರನಿಗೆ ಬಿಡುವಿಲ್ಲ ಎಂದು. ಆ ಸಾಲಿನಲ್ಲಿ ಗಿರಾಕಿಯ ಪಿಡಿಎಫ್ ಕೂಡ ನಿಂತಿರುತ್ತದೆ.

ಇನ್ನು ಸಾಲಿನಲ್ಲಿ ಮುಂದೆ ನಿಂತವರು ಯಾರು ಎನ್ನುವುದು. ಅಪ್‌ಗ್ರೇಡ್ ಆದ ಮೇಲೆ ಹೆಚ್ಚಾಗಿ ಕಾಣುವ ಹೆಸರು ಸರ್ಚ್ ಇಂಡೆಕ್ಸರ್. ನೀವು ಹುಡುಕುವ ಮೊದಲೇ ಫೈಲ್‌ಗಳನ್ನೆಲ್ಲಾ ತೆರೆದು, ಯಾವ ಪದ ಎಲ್ಲಿದೆ ಎಂದು ಅದು ಸೂಚಿ ಬರೆದಿಟ್ಟುಕೊಳ್ಳುತ್ತದೆ. ದೊಡ್ಡ ಅಪ್‌ಗ್ರೇಡ್ ಆದಾಗ ಈ ಸೂಚಿಯನ್ನು ಅನೇಕ ಸಲ ಮೊದಲಿನಿಂದ ಕಟ್ಟಬೇಕಾಗುತ್ತದೆ. ಮಾಮೂಲಿ ಹೊಂದಿಕೆಯಲ್ಲಿ ಅದು ಇಡೀ ಮಷಿನ್ ಹುಡುಕುವುದಿಲ್ಲ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಇಷ್ಟನ್ನು ಮುಟ್ಟುತ್ತದೆ. ಆದರೆ ನಮ್ಮ ಅಂಗಡಿಗಳಲ್ಲಿ ಎಲ್ಲವೂ ಇರುವುದು ಡೆಸ್ಕ್‌ಟಾಪ್ ಮೇಲೆಯೇ. ಜಾತಿ ಆದಾಯದ ಸ್ಕ್ಯಾನ್, 371ಜೆ ಪ್ರಮಾಣಪತ್ರದ ಅರ್ಜಿ, ಮದುವೆ ಆಲ್ಬಂ, ಬಾಂಡ್ ಪೇಪರಿನ ಮಾದರಿ, 'ಹೊಸದು', 'ಹೊಸದು 2', 'ಹೊಸದು ಫೈನಲ್' ಎಂಬ ಫೋಲ್ಡರ್‌ಗಳು. ಫೋಟೋ ಸ್ಟುಡಿಯೋ ಆದರಂತೂ ಸಾವಿರ ಸಾವಿರ ಚಿತ್ರಗಳು.

ಇಲ್ಲಿ ಕನ್ನಡಕ್ಕೇ ವಿಶೇಷವಾದ ಒಂದು ವ್ಯರ್ಥ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತದೊಳಗೆ ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಇಲ್ಲ. ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ, ಅಷ್ಟೆ. ಯುನಿಕೋಡ್‌ನಲ್ಲಿ ಬರೆದ ಕಡತವಾದರೆ ಮಾತ್ರ ಒಳಗೂ ಕನ್ನಡ ಕನ್ನಡವಾಗಿಯೇ ಇರುತ್ತದೆ. ಇಂಡೆಕ್ಸರ್‌ಗೆ ಈ ವ್ಯತ್ಯಾಸ ಗೊತ್ತಿಲ್ಲ. ಹದಿನೈದು ವರ್ಷಗಳ ವಾಟ್ನಿ ಪತ್ರ, ಕರಾರು ಪತ್ರ, ಅಫಿಡವಿಟ್‌ಗಳ ಕಡತಗಳನ್ನು ಒಂದೊಂದಾಗಿ ತೆರೆದು, ಅರ್ಥವಿಲ್ಲದ ಚಿಹ್ನೆಗಳ ಸೂಚಿಯನ್ನು ಶ್ರದ್ಧೆಯಿಂದ ಬರೆಯುತ್ತದೆ. ನಾಳೆ ಹುಡುಕುವ ಪೆಟ್ಟಿಗೆಯಲ್ಲಿ ಯುನಿಕೋಡ್ ಕನ್ನಡದಲ್ಲಿ 'ಕರಾರು' ಎಂದು ಬರೆದರೆ ಅದರಲ್ಲಿ ಒಂದೂ ಸಿಗುವುದಿಲ್ಲ. ಗಂಟೆಗಟ್ಟಲೆ ಡಿಸ್ಕ್ ತಿರುಗಿಸಿದ್ದಕ್ಕೆ ಫಲ ಸೊನ್ನೆ. ಸೆಟ್ಟಿಂಗ್ಸ್‌ನಲ್ಲಿ 'ಸರ್ಚಿಂಗ್ ವಿಂಡೋಸ್' ಎಂಬಲ್ಲಿ ಹೊರಗಿಡಬೇಕಾದ ಫೋಲ್ಡರ್‌ಗಳ ಪಟ್ಟಿ ಇದೆ. ಹಳೆಯ ನುಡಿ ಕಡತಗಳ ಫೋಲ್ಡರ್ ಮತ್ತು ಫೋಟೋಗಳ ಫೋಲ್ಡರ್ ಎರಡನ್ನೂ ಅದಕ್ಕೆ ಸೇರಿಸಿದರೆ ಇಂಡೆಕ್ಸರ್‌ನ ಕೆಲಸ ಬಹುಪಾಲು ಇಳಿಯುತ್ತದೆ. ಅದೇ ಪುಟದಲ್ಲಿ 'ಕ್ಲಾಸಿಕ್', 'ಎನ್‌ಹಾನ್ಸ್ಡ್' ಎಂಬ ಎರಡು ಆಯ್ಕೆಗಳಿವೆ. ಎನ್‌ಹಾನ್ಸ್ಡ್ ಒತ್ತಿದ್ದರೆ ಇಡೀ ಮಷಿನ್ ಹುಡುಕಲು ಹೊರಡುತ್ತದೆ, ಕ್ಲಾಸಿಕ್‌ಗೆ ತನ್ನಿ.

ಉಳಿದವರ ಪರಿಚಯ ಚಿಕ್ಕದಾಗಿ ಮಾಡಬಹುದು. 'ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್' ಎಂದು ಕಂಡರೆ ಅದು ಅಪ್‌ಡೇಟ್ ಅಳವಡಿಸುತ್ತಿದೆ ಅಥವಾ ಹಳೆಯ ತುಣುಕುಗಳನ್ನು ಗುಡಿಸುತ್ತಿದೆ. ಅದನ್ನು ನಡುವೆ ಕೊಲ್ಲುವುದು ಒಳ್ಳೆಯದಲ್ಲ. 'ಡಾಟ್ ನೆಟ್ ರನ್‌ಟೈಮ್ ಆಪ್ಟಿಮೈಸೇಷನ್' ಹೊಸ ಆವೃತ್ತಿಗೆ ತಕ್ಕಂತೆ ಕೆಲವು ತಂತ್ರಾಂಶಗಳನ್ನು ಮತ್ತೆ ಸಿದ್ಧ ಮಾಡಿ ತಾನಾಗಿಯೇ ನಿಲ್ಲುತ್ತದೆ. 'ಆಂಟಿಮಾಲ್‌ವೇರ್ ಸರ್ವಿಸ್' ವಿಂಡೋಸ್‌ನದೇ ಡಿಫೆಂಡರ್. ಅಪ್‌ಗ್ರೇಡ್‌ನಲ್ಲಿ ಸಾವಿರಾರು ಫೈಲ್ ಹೊಸದಾಗಿ ಬಂದಾಗ ಅದಕ್ಕೆ ಪರೀಕ್ಷಿಸುವ ಕೆಲಸ ಹೆಚ್ಚು. ಉಚಿತವಾಗಿ ಸಿಕ್ಕಿತೆಂದು ಇನ್ನೊಂದು ಆಂಟಿವೈರಸ್ ಹಾಕಿದ್ದರೆ ಡಿಫೆಂಡರ್ ಸಾಮಾನ್ಯವಾಗಿ ತಾನೇ ಹಿಂದೆ ಸರಿದು ಆ ಹೊರೆ ಅದಕ್ಕೆ ಹೋಗುತ್ತದೆ. 'ಕಂಪ್ಯಾಟಿಬಿಲಿಟಿ ಟೆಲಿಮೆಟ್ರಿ' ನಿಮ್ಮ ಮಷಿನ್‌ನ ವಿವರ ಸಂಗ್ರಹಿಸಿ ಕಂಪನಿಗೆ ಕಳಿಸುತ್ತದೆ; ಇದನ್ನು ಸಮರ್ಥಿಸಲು ನನಗೆ ಮನಸ್ಸಿಲ್ಲ, ಆದರೂ ಅದು ದಿನವಿಡೀ ಓಡುವಂಥದ್ದಲ್ಲ. 'ಡೆಲಿವರಿ ಆಪ್ಟಿಮೈಸೇಷನ್' ಡಿಸ್ಕ್‌ಗಿಂತ ನೆಟ್ ತಿನ್ನುತ್ತದೆ. ನೀವು ಇಳಿಸಿಕೊಂಡ ಅಪ್‌ಡೇಟನ್ನು ಬೇರೆ ಮಷಿನ್‌ಗಳಿಗೆ ಹಂಚುವ ಕೆಲಸ ಅದರದು. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಅಂಗಡಿ ನಡೆಸುವವರು ಅದನ್ನು ಬಂದ್ ಮಾಡಲೇಬೇಕು. 'ಸಿಸ್‌ಮೇನ್' ಎಂಬುದು ಹಿಂದಿನ ಸೂಪರ್‌ಫೆಚ್. ನೀವು ದಿನಾ ಬಳಸುವುದನ್ನು ಮೊದಲೇ ಮೆಮೊರಿಗೆ ತಂದಿಡುತ್ತದೆ. ಅದನ್ನು ನಿಲ್ಲಿಸಿದರೆ ಮಷಿನ್ ಹಾರುತ್ತದೆ ಎಂಬ ವಿಡಿಯೋಗಳಿಗೆ ಲೆಕ್ಕವಿಲ್ಲ. ಪರೀಕ್ಷೆಗೆ ನಿಲ್ಲಿಸಿ ನೋಡಬಹುದು, ಅಪಾಯವಿಲ್ಲ. ಆದರೆ ಡಿಸ್ಕ್ ತುಂಬಿಸುತ್ತಿರುವುದು ಇಂಡೆಕ್ಸರ್ ಆಗಿದ್ದರೆ ಸಿಸ್‌ಮೇನ್ ನಿಲ್ಲಿಸಿ ಏನು ಬಂತು?

ಪಟ್ಟಿಯಲ್ಲಿ 'ಸರ್ವಿಸ್ ಹೋಸ್ಟ್' ಎಂಬ ಹೆಸರು ಹತ್ತಾರು ಸಲ ಕಂಡು ವೈರಸ್ ಎಂದು ಹೆದರುವವರಿದ್ದಾರೆ. ಅದು ಬೇರೆ ಬೇರೆ ಸರ್ವಿಸ್‌ಗಳಿಗೆ ಹೊದಿಸಿದ ಒಂದೇ ಹೊದಿಕೆ. 2017ರಿಂದ ಮೂರೂವರೆ ಜಿಬಿಗಿಂತ ಹೆಚ್ಚು ಮೆಮೊರಿ ಇರುವ ಮಷಿನ್‌ಗಳಲ್ಲಿ ಹೆಚ್ಚಿನ ಸರ್ವಿಸ್‌ಗಳು ಪ್ರತ್ಯೇಕ ಹೊದಿಕೆಯಲ್ಲಿ ಓಡುತ್ತವೆ, ಅದಕ್ಕೇ ಅಷ್ಟು ಸಾಲು. ಪಕ್ಕದ ಬಾಣದ ಗುರುತು ಒತ್ತಿದರೆ ಒಳಗಿರುವವರ ಹೆಸರು ಕಾಣುತ್ತದೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಇವುಗಳಲ್ಲಿ ಹೆಚ್ಚಿನವು ಒಂದು ರಾತ್ರಿ ಸಿಕ್ಕರೆ ಮುಗಿಯುವ ಕೆಲಸಗಳು, ಆದರೆ ನಾವು ಆ ರಾತ್ರಿಯನ್ನು ಕೊಡುವುದಿಲ್ಲ. ಇಂಡೆಕ್ಸರ್ ನೀವು ಕೀಲಿ ಒತ್ತುತ್ತಿರುವಾಗ ಹಿಂದೆ ಸರಿಯುತ್ತದೆ, ನೀವು ಬಿಟ್ಟಾಗ ಮುನ್ನುಗ್ಗುತ್ತದೆ. ವಿಂಡೋಸ್‌ನ ಸ್ವಯಂಚಾಲಿತ ನಿರ್ವಹಣೆಗೆ ಮೊದಲೇ ನಿಗದಿಯಾದ ಸಮಯ ರಾತ್ರಿ 2 ಗಂಟೆ. ರಾತ್ರಿ ಎರಡಕ್ಕೆ ಜೇವರ್ಗಿಯ ಯಾವ ಆನ್‌ಲೈನ್ ಅಂಗಡಿಯ ಮಷಿನ್ ಚಾಲೂ ಇರುತ್ತದೆ? ಎಂಟೂವರೆಗೆ ಶಟರ್ ಎಳೆಯುವ ಮೊದಲು ಮೇನ್ ಸ್ವಿಚ್ ಆರಿಸುತ್ತಾರೆ. ಬೆಂಕಿಯ ಭಯ, ಬಿಲ್ಲಿನ ಭಯ, ಎರಡೂ ನ್ಯಾಯವಾದವೇ. ಆಗ ತಪ್ಪಿಹೋದ ಕೆಲಸ ಮರುದಿನ ಮಷಿನ್ ಒಂದಿಷ್ಟು ಸುಮ್ಮನಿದ್ದಾಗ ಶುರುವಾಗುತ್ತದೆ, ಅಂದರೆ ಅಂಗಡಿಯವರು ಗಿರಾಕಿಯ ಜೊತೆ ಮಾತಿಗೆ ನಿಂತಾಗ. ಮಾತು ಮುಗಿಸಿ ಮೌಸ್ ಹಿಡಿದರೆ ಮಷಿನ್ ನಿಂತಿರುತ್ತದೆ. ಒಂದೇ ರಾತ್ರಿಯ ಕೆಲಸ ಹೀಗೆ ಚೂರುಚೂರಾಗಿ ಹದಿನೈದು ದಿನ ಎಳೆಯುತ್ತದೆ.

ಈ ವ್ಯವಸ್ಥೆ ಬರೆದವರ ಕಣ್ಣಮುಂದೆ ಇದ್ದದ್ದು ರಾತ್ರಿಯೂ ಆರಿಸದ ಮಷಿನ್, ಎಸ್‌ಎಸ್‌ಡಿ, ಲೆಕ್ಕವಿಲ್ಲದ ನೆಟ್, ತಣ್ಣಗಿನ ಕೋಣೆ. ನಮ್ಮ ಕಡೆ ಇವುಗಳಲ್ಲಿ ಒಂದಿದ್ದರೆ ಇನ್ನೊಂದಿಲ್ಲ. ಅಪ್‌ಗ್ರೇಡ್ ಆದ ದಿನ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಬಂದ್ ಮಾಡಿ, ಯುಪಿಎಸ್ ಮೇಲೆ, ಮಾನಿಟರ್ ಮಾತ್ರ ಆರಿಸಿ ಮಷಿನ್ ಬಿಟ್ಟುಹೋಗಿ. ಅಂಗಡಿಯಲ್ಲಿ ಧೈರ್ಯ ಬಾರದಿದ್ದರೆ ಸಿಪಿಯು ಪೆಟ್ಟಿಗೆ ಮನೆಗೆ ಒಯ್ದು ಹಾಗೆ ಮಾಡಿ. ಒಂದೆರಡು ರಾತ್ರಿಯಾದ ಮೇಲೂ ಡಿಸ್ಕ್ ಇಳಿಯದಿದ್ದರೆ ಆಗ ಕಾರಣ ಬೇರೆ ಹುಡುಕಬೇಕು.

ತಿಂಗಳಿಗೊಮ್ಮೆ ಬರುವ ಸಣ್ಣ ಅಪ್‌ಡೇಟ್‌ಗೂ ಇದೇ ಲೆಕ್ಕ. 2003ರಿಂದ ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತಾ ತೇಪೆ ಬಿಡುಗಡೆ ಮಾಡುತ್ತದೆ. ಬಿಡುಗಡೆಯ ಹೊತ್ತು ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗ್ಗೆ 10, ಅಂದರೆ ನಮಗೆ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಆಗ ಮಷಿನ್ ಬಂದ್ ಇರುತ್ತದೆ. ಬುಧವಾರ ಬೆಳಗ್ಗೆ ಆನ್ ಮಾಡಿದ ಮೇಲೆ, ಗಿರಾಕಿ ಬರುವ ಹೊತ್ತಿಗೇ ಇಳಿಸುವ ಕೆಲಸ ಶುರುವಾಗುತ್ತದೆ. ತಿಂಗಳ ನಡುವಿನ ಒಂದು ಬುಧವಾರ ಅಥವಾ ಗುರುವಾರ "ಇವತ್ತ್ಯಾಕೋ ಭಾಳ ಸ್ಲೋ" ಅನ್ನಿಸಿದರೆ ಕ್ಯಾಲೆಂಡರ್ ನೋಡಿ.

"ದಿನಾ ಬಂದ್ ಮಾಡಿ ಚಾಲೂ ಮಾಡ್ತೀವಲ್ಲರೀ, ಮತ್ತ ರೀಸ್ಟಾರ್ಟ್ ಯಾಕ?" ಎಂಬುದು ಸಾಮಾನ್ಯ ಪ್ರಶ್ನೆ. ಎರಡೂ ಒಂದೇ ಅಲ್ಲ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇದೆ. 'ಶಟ್ ಡೌನ್' ಒತ್ತಿದಾಗ ವ್ಯವಸ್ಥೆಯ ತಿರುಳು ಭಾಗ ಪೂರ್ತಿ ಮುಚ್ಚದೆ ಇದ್ದ ಸ್ಥಿತಿಯಲ್ಲೇ ಡಿಸ್ಕ್‌ಗೆ ಬರೆದು ಮಲಗುತ್ತದೆ, ಬೆಳಗ್ಗೆ ಅದೇ ಸ್ಥಿತಿಯಿಂದ ಏಳುತ್ತದೆ. 'ರೀಸ್ಟಾರ್ಟ್' ಒತ್ತಿದಾಗ ಮಾತ್ರ ಎಲ್ಲ ಮುಚ್ಚಿ ಹೊಸದಾಗಿ ಶುರು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಕೆಳಗೆ 'ಅಪ್ ಟೈಮ್' ಎಂದಿರುತ್ತದೆ. ದಿನಾ ರಾತ್ರಿ ಆರಿಸುವ ಮಷಿನ್‌ನಲ್ಲಿ ಅದು ವಾರಗಟ್ಟಲೆ ತೋರಿಸಿದರೆ ಗಾಬರಿಯಾಗಬೇಡಿ, ಅದು ನಿಜ. ಅಪ್‌ಗ್ರೇಡ್ ಆದ ವಾರದಲ್ಲಿ ಒಂದೆರಡು ಸಲ ರೀಸ್ಟಾರ್ಟ್ ಮಾಡುವುದು ಇದಕ್ಕೇ.

ಸರ್ವಿಸ್‌ಗಳನ್ನು ಕಣ್ಣುಮುಚ್ಚಿ ಬಂದ್ ಮಾಡುವವರಿಗೆ ಒಂದು ಎಚ್ಚರಿಕೆ ಇದೆ. ಗ್ರಾಮ ಒನ್ ಅಥವಾ ಸಿಎಸ್‌ಸಿ ನಡೆಸುವವರ ಮಷಿನ್‌ನಲ್ಲಿ ಹೆಬ್ಬೆಟ್ಟಿನ ಸಾಧನಕ್ಕೆ ಆರ್‌ಡಿ ಸರ್ವಿಸ್ ಎಂಬ ಹಿನ್ನೆಲೆ ಪ್ರಕ್ರಿಯೆ ಇರುತ್ತದೆ. ಆಧಾರ್‌ಗಾಗಿ ಬೆರಳಿನ ಗುರುತನ್ನು ಸಾಧನದಿಂದ ತೆಗೆದು ಗೂಢಲಿಪಿಯಲ್ಲಿ ಕೊಡುವುದು ಅದೇ. ಬ್ರೌಸರ್ ಅದನ್ನು ಅದೇ ಮಷಿನ್‌ನ ಒಳಗೆ 11100ರಿಂದ 11120ರವರೆಗಿನ ಪೋರ್ಟ್‌ಗಳಲ್ಲಿ ಹುಡುಕುತ್ತದೆ. ಸ್ಟಾರ್ಟಪ್ ಪಟ್ಟಿ ಸ್ವಚ್ಛ ಮಾಡುವ ಉತ್ಸಾಹದಲ್ಲಿ ಅದನ್ನೂ ನಿಲ್ಲಿಸಿದರೆ ಮಷಿನ್ ಚುರುಕಾಗುವುದಿಲ್ಲ, ಆದರೆ ಪಿಂಚಣಿ ತೆಗೆಯಲು ಬಂದ ಅಜ್ಜಿಯ ಹೆಬ್ಬೆಟ್ಟು ಓದುವುದು ನಿಲ್ಲುತ್ತದೆ. ಆಮೇಲೆ "ಆಯಿ, ನಿನ್ನ ಬಟ್ಟಿನ ಗೆರಿ ಸವದಾವ" ಎಂದು ಆಕೆಯ ಮೇಲೆಯೇ ತಪ್ಪು ಹೋಗುತ್ತದೆ. ಅಪ್‌ಗ್ರೇಡ್ ಆದ ಮೇಲೆ ಹೆಬ್ಬೆಟ್ಟು ಓದದಿದ್ದರೆ ಮೊದಲು ಆ ಸರ್ವಿಸ್ ಓಡುತ್ತಿದೆಯೇ, ಚಾಲಕ ತಂತ್ರಾಂಶ ಹೊಸ ವಿಂಡೋಸ್‌ಗೆ ಹೊಂದುವ ಆವೃತ್ತಿಯದೇ ಎಂದು ನೋಡಬೇಕು. ನುಡಿಯದೂ ಹೀಗೇ, ಕೀಲಿಮಣೆ ಹಿಡಿಯುವ ಪ್ರಕ್ರಿಯೆಯನ್ನೇ ನಿಲ್ಲಿಸಿ ಕನ್ನಡ ಬರುತ್ತಿಲ್ಲ ಎನ್ನುವವರಿದ್ದಾರೆ.

ನಿಧಾನವೆಲ್ಲಾ ಮಷಿನ್‌ನದೂ ಅಲ್ಲ. "ಸರ್ವರ್ ಇಲ್ಲರೀ, ನಾಳಿ ಬರ್ರಿ" ಎಂಬ ಮಾತು ಕೆಲವೊಮ್ಮೆ ನೆಪ, ಕೆಲವೊಮ್ಮೆ ಅಕ್ಷರಶಃ ಸತ್ಯ. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ರಾಜ್ಯದ ತುಂಬಾ ಕೇಳಿಬಂದದ್ದು ಅದೇ. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಅದೇ ವರ್ಷ ಬಂತು. ಮೊದಲ ಪ್ರಯೋಗ ನಡೆದ ಉಪ ನೋಂದಣಿ ಕಚೇರಿಗಳಲ್ಲಿ ಇದೇ ಜಿಲ್ಲೆಯ ಚಿಂಚೋಳಿಯೂ ಒಂದು. 2025ರ ಜನವರಿಯಲ್ಲಿ ಆ ತಂತ್ರಾಂಶದ ಮೇಲೆ ಸುಳ್ಳು ಬೇಡಿಕೆಗಳ ಮಳೆ ಸುರಿಸುವ ಸೈಬರ್ ದಾಳಿ ನಡೆದು, ರಾಜ್ಯದ ತುಂಬಾ ನೋಂದಣಿ ಕುಂಟಿತು. ಆಗ ಇಲ್ಲಿ ಕೂತು ಮಷಿನ್ ಫಾರ್ಮ್ಯಾಟ್ ಮಾಡಿಸಿದ್ದರೆ ಏನೂ ಆಗುತ್ತಿರಲಿಲ್ಲ. ಎರಡರ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಟಾಸ್ಕ್ ಮ್ಯಾನೇಜರ್‌ನ ನಾಲ್ಕೂ ಕಾಲಂ ಶಾಂತವಾಗಿದ್ದು ಪುಟ ಮಾತ್ರ ತಿರುಗುತ್ತಲೇ ಇದ್ದರೆ ತೊಂದರೆ ಆ ಕಡೆಯದು ಅಥವಾ ನೆಟ್‌ನದು. ಮೊಬೈಲ್‌ನಲ್ಲಿ ಬೇರೆ ನೆಟ್ ಮೇಲೆ ಅದೇ ಪುಟ ತೆರೆದು ನೋಡಿದರೆ ಇನ್ನೂ ಖಚಿತವಾಗುತ್ತದೆ.

ಬಿಸಿಲಿನ ವಿಷಯ ಬಿಡುವಂತಿಲ್ಲ. ಲ್ಯಾಪ್‌ಟಾಪ್ ತಯಾರಕರು ಬಳಕೆಗೆ ಹೇಳುವ ಗರಿಷ್ಠ ಕೋಣೆಯ ಉಷ್ಣತೆ ಸಾಮಾನ್ಯವಾಗಿ 35 ಡಿಗ್ರಿ. ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ದಾಟುವುದು ಸುದ್ದಿಯೇ ಅಲ್ಲ. ಪತ್ರಾ ಹೊದಿಸಿದ ಅಂಗಡಿಯೊಳಗೆ ಎಷ್ಟಿರುತ್ತದೋ ನೀವೇ ಊಹಿಸಿ. ಅದರ ಮೇಲೆ ಎರೆಮಣ್ಣಿನ ಧೂಳು ಫ್ಯಾನ್‌ನೊಳಗೆ ಕಂಬಳಿಯಂತೆ ಕೂತಿರುತ್ತದೆ. ಪ್ರೊಸೆಸರ್ ತನ್ನನ್ನು ಸುಟ್ಟುಕೊಳ್ಳದಿರಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಕೆಲಸ 100 ತೋರಿಸುತ್ತಾ ವೇಗ ಒಂದು ಗಿಗಾಹರ್ಟ್ಸ್‌ಗೂ ಕೆಳಗೆ ನಿಂತಿದ್ದರೆ ಸಂಶಯ ಮೊದಲು ಬಿಸಿಯ ಮೇಲೆ. ಹಿನ್ನೆಲೆ ಪ್ರಕ್ರಿಯೆ ಅಷ್ಟೇ ಇದ್ದರೂ ಅದಕ್ಕೆ ಹಿಡಿಯುವ ಸಮಯ ಹಲವು ಪಟ್ಟು ಆಗುತ್ತದೆ. ಬ್ಲೋವರ್ ಹಿಡಿಸಿ ಧೂಳು ತೆಗೆಸುವುದು ಯಾವ ಸೆಟ್ಟಿಂಗ್‌ಗಿಂತಲೂ ಹೆಚ್ಚು ಫಲ ಕೊಡುವ ಸಂದರ್ಭಗಳಿವೆ.

ಇನ್ನೊಂದು ಗುಂಪು ಇದೆ, ಅವರಿಗೆ ರಾತ್ರಿ ಬಿಟ್ಟರೂ ಪ್ರಯೋಜನವಿಲ್ಲ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ನಂತರದ ಪ್ರೊಸೆಸರ್, ಟಿಪಿಎಂ 2.0 ಚಿಪ್, ಕನಿಷ್ಠ 4 ಜಿಬಿ ಮೆಮೊರಿ ಬೇಕು. ಎಂಟನೇ ತಲೆಮಾರು ಬಂದದ್ದೇ 2017ರಲ್ಲಿ. ಅದಕ್ಕಿಂತ ಹಳೆಯ, ದೊಡ್ಡ ಊರಿನ ಕಚೇರಿಗಳು ಮಾರಿದ ಸೆಕೆಂಡ್ ಹ್ಯಾಂಡ್ ಮಷಿನ್‌ಗಳಿಗೆ ಪರಿಶೀಲನೆ ತಪ್ಪಿಸಿ ವಿಂಡೋಸ್ 11 ತುಂಬಿಸಿಕೊಡುವವರು ಇದ್ದಾರೆ. ಅದು ಓಡುತ್ತದೆ ಎಂಬುದು ನಿಜ. ಆದರೆ ಅಂಥ ಮಷಿನ್‌ಗೆ ಮುಂದೆ ಅಪ್‌ಡೇಟ್ ಬರುವ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. 4 ಜಿಬಿ ಮೆಮೊರಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವ್ಯವಸ್ಥೆಯೇ ಹಿಡಿಯುತ್ತದೆ. ಉಳಿದದ್ದರಲ್ಲಿ ಕ್ರೋಮ್, ಅದರಲ್ಲಿ ಸೇವಾಸಿಂಧುವಿನ ನಾಲ್ಕು ಟ್ಯಾಬ್, ಗಿರಾಕಿಗಳು ದಾಖಲೆ ಕಳಿಸಲು ವಾಟ್ಸ್‌ಆ್ಯಪ್. ವಿಂಡೋಸ್‌ನ ವಾಟ್ಸ್‌ಆ್ಯಪ್ 2025ರ ಕೊನೆಯಲ್ಲಿ ಹಳೆಯ ರೂಪ ಬಿಟ್ಟು ಒಳಗೊಳಗೇ ಒಂದು ಬ್ರೌಸರ್ ಆಯಿತು, ಮೊದಲಿಗಿಂತ ಹೆಚ್ಚು ಮೆಮೊರಿ ಬೇಡುತ್ತದೆ. ಅದರ ಬೈಗುಳವನ್ನೂ ವಿಂಡೋಸ್ ಅಪ್‌ಡೇಟೇ ತಿನ್ನುತ್ತಿದೆ. ಮೆಮೊರಿ ತುಂಬಿದ ಮೇಲೆ ವಿಂಡೋಸ್ ಉಳಿದದ್ದನ್ನು ಡಿಸ್ಕ್ ಮೇಲೆ ಇಡಲು ಶುರುಮಾಡುತ್ತದೆ. ಆ ಡಿಸ್ಕ್ ತಿರುಗುವ ತಟ್ಟೆಯದಾಗಿದ್ದರೆ ಮುಗಿಯಿತು. ಇಂಥ ಮಷಿನ್‌ಗೆ ಎಸ್‌ಎಸ್‌ಡಿ ಮತ್ತು ಇನ್ನೊಂದು 4 ಜಿಬಿ ಹಾಕಿಸುವುದೇ ಔಷಧಿ. ಸೆಟ್ಟಿಂಗ್ ಬದಲಿಸುತ್ತಾ ಕೂರುವುದು ಸಮಯ ಹಾಳು. ಕ್ರೋಮ್‌ನ ಸೆಟ್ಟಿಂಗ್‌ನಲ್ಲಿ, ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡಲು ಬಿಡುವ ಒಂದು ಗುಂಡಿ ಇದೆ, ಅದನ್ನು ಆರಿಸಿದರೆ ಸ್ವಲ್ಪ ಉಸಿರಾಡಬಹುದು.

ಕೆಲವು ಪ್ರಕ್ರಿಯೆಗಳು ಎಂದೂ ಮುಗಿಯುವುದಿಲ್ಲ, ಏಕೆಂದರೆ ಅವು ನಿಮ್ಮ ಕೆಲಸ ಮಾಡುತ್ತಿಲ್ಲ. ಲೈಸೆನ್ಸ್ ಇಲ್ಲದ ತಂತ್ರಾಂಶಕ್ಕೆ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದ 'ಆ್ಯಕ್ಟಿವೇಟರ್' ಜೊತೆ ಕ್ರಿಪ್ಟೋ ಹಣ ಗಣಿಸುವ ಕಳ್ಳ ಪ್ರೋಗ್ರಾಂ ಬಂದಿರಬಹುದು. ಅದರ ಲಕ್ಷಣ ಬೇರೆ: ಡಿಸ್ಕ್ ಅಲ್ಲ, ಸಿಪಿಯು ತುಂಬಿರುತ್ತದೆ. ಟಾಸ್ಕ್ ಮ್ಯಾನೇಜರ್ ತೆಗೆದ ಕೂಡಲೇ ಅಡಗಿಕೊಂಡು ಇಳಿಯುವ ಜಾಣರೂ ಇದ್ದಾರೆ. ಸಂಶಯದ ಹೆಸರಿನ ಮೇಲೆ ಬಲಗುಂಡಿ ಒತ್ತಿ 'ಓಪನ್ ಫೈಲ್ ಲೊಕೇಷನ್' ನೋಡಿ. ಸರ್ವಿಸ್ ಹೋಸ್ಟ್ ಎಂದು ಹೆಸರಿಟ್ಟುಕೊಂಡಿದ್ದು ವಿಂಡೋಸ್‌ನ ಸಿಸ್ಟಂ 32 ಫೋಲ್ಡರ್‌ನಲ್ಲಿ ಇಲ್ಲದೆ ಡೌನ್‌ಲೋಡ್ಸ್‌ನಲ್ಲೋ ಟೆಂಪ್‌ನಲ್ಲೋ ಕೂತಿದ್ದರೆ ಅದು ವೇಷಧಾರಿ. ಇನ್ನೂ ಆಳಕ್ಕೆ ಇಳಿಯುವವರಿಗೆ ಮಾರ್ಕ್ ರುಸಿನೋವಿಚ್ ಬರೆದ ಪ್ರಾಸೆಸ್ ಎಕ್ಸ್‌ಪ್ಲೋರರ್ ಇದೆ, ಮೈಕ್ರೋಸಾಫ್ಟ್ ಅದನ್ನು ಉಚಿತವಾಗಿ ಕೊಡುತ್ತದೆ. ಪಹಣಿ, ಆಧಾರ್, ಬ್ಯಾಂಕ್ ವಿವರ ಹಾದುಹೋಗುವ ಮಷಿನ್‌ನಲ್ಲಿ ಇಂಥದ್ದೇನಾದರೂ ಸಿಕ್ಕರೆ, ಫಾರ್ಮ್ಯಾಟ್ ಮಾತನ್ನು ನಾನೂ ಒಪ್ಪುತ್ತೇನೆ.

ಯಾವುದೂ ಹೊಂದಲಿಲ್ಲ ಎಂದಾದರೆ ಹಿಂದಕ್ಕೆ ಹೋಗುವ ದಾರಿ ಇದೆ, ಆದರೆ ಅದಕ್ಕೆ ಸಿಗುವುದು ಹತ್ತೇ ದಿನ. ಹಳೆಯ ವ್ಯವಸ್ಥೆಯನ್ನು 'ವಿಂಡೋಸ್ ಓಲ್ಡ್' ಎಂಬ ಫೋಲ್ಡರ್‌ನಲ್ಲಿ ಇಟ್ಟಿರುತ್ತದೆ. ಹತ್ತು ದಿನ ಕಳೆದ ಮೇಲೆ ತಾನೇ ಅಳಿಸುತ್ತದೆ. ಜಾಗ ಉಳಿಯಲೆಂದು ಅಪ್‌ಗ್ರೇಡ್ ಆದ ದಿನವೇ ಆ ಫೋಲ್ಡರ್ ಅಳಿಸಿಬಿಡುವವರಿಗೆ ಆ ದಾರಿಯೂ ಇಲ್ಲ. ಹಿಂದಕ್ಕೆ ಹೋದವರಿಗೆ, ಇನ್ನೂ ಹೋಗದೇ ಉಳಿದವರಿಗೆ, ಖಾಸಗಿ ಬಳಕೆಯ ವಿಂಡೋಸ್ 10 ಮಷಿನ್‌ಗಳಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಘೋಷಣೆಯಾಯಿತು. ಹೆಸರು ನೋಂದಾಯಿಸಿಕೊಂಡವರಿಗೆ ಅದು 2026ರ ಅಕ್ಟೋಬರ್ 13ರವರೆಗೆ ಎಂದು ಆಗ ಹೇಳಲಾಗಿತ್ತು.

ದಿನಾಂಕ ಅಮೆರಿಕದವರು ಇಡುತ್ತಾರೆ, ಆದರೆ ಯಾವ ವಾರ ಅಪ್‌ಗ್ರೇಡ್ ಮಾಡಬೇಕೆಂಬುದು ನಮ್ಮ ಕೈಯಲ್ಲಿದೆ. ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟನ್ನು ಐದು ವಾರದವರೆಗೆ ತಡೆಹಿಡಿಯಬಹುದು. ಮೇ, ಜೂನ್‌ನಲ್ಲಿ ಶಾಲೆ ಕಾಲೇಜಿನ ಪ್ರವೇಶಕ್ಕೆಂದು ಜಾತಿ ಆದಾಯ, 371ಜೆ ಪ್ರಮಾಣಪತ್ರದ ಗದ್ದಲ. ಜುಲೈ ಕೊನೆಗೆ ಮುಂಗಾರಿನ ಬೆಳೆ ವಿಮೆಯ ಗಡುವು, ಸಂರಕ್ಷಣೆ ಪೋರ್ಟಲ್ ಮುಂದೆ ಸಾಲು. ಅಂಥ ವಾರಗಳಲ್ಲಿ ದೊಡ್ಡ ಅಪ್‌ಗ್ರೇಡ್ ಒತ್ತಬೇಡಿ. ತೊಗರಿ ರಾಶಿ ಮುಗಿದು ಅಂಗಡಿ ಖಾಲಿ ಹೊಡೆಯುವ ಒಂದು ಶನಿವಾರ ಸಂಜೆ, ಕಡತಗಳನ್ನೆಲ್ಲಾ ಹೊರಗಿನ ಡಿಸ್ಕ್‌ಗೆ ನಕಲು ಮಾಡಿ, ನುಡಿ ಮತ್ತು ಹೆಬ್ಬೆಟ್ಟಿನ ಸಾಧನದ ಹೊಸ ಆವೃತ್ತಿಯನ್ನು ಇಳಿಸಿಟ್ಟುಕೊಂಡು, ಅಂದು ಒತ್ತಿ. ಭಾನುವಾರ ಇಡೀ ದಿನ ಅದು ತಿರುಗಲಿ.